ನರ್ಸ್ ಪ್ರಾಕ್ಟೀಷನರ್: ಪುಣೆಯ ಪ್ರಾಥಮಿಕ ಆರೋಗ್ಯಸೇವೆಯಲ್ಲಿ ರೋಗಿಯ ತಪಾಸಣೆ

ರೋಗಿಯ ಮಾತು ಕೇಳಿ, ಮೈ ಮುಟ್ಟಿ ನೋಡಿ, ಕಾಯಿಲೆ ಇಂಥದ್ದಿರಬೇಕೆಂದು ಅಂದಾಜು ಕಟ್ಟಿ, ಮುಂದೇನು ಎಂಬುದನ್ನು ತಾನೇ ತೀರ್ಮಾನಿಸುವಷ್ಟು ಹೆಚ್ಚಿನ ಓದನ್ನೂ ಅಧಿಕಾರವನ್ನೂ ಪಡೆದ ನರ್ಸ್‌ಗೆ ನರ್ಸ್ ಪ್ರಾಕ್ಟೀಷನರ್ ಎಂದು ಹೆಸರು. ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ಇದು ದಶಕಗಳಿಂದ ನೆಲೆನಿಂತ ಹುದ್ದೆ. ಭಾರತದಲ್ಲಿ ಆ ಹೆಸರಿನ ಫಲಕ ಹಳ್ಳಿಯ ದವಾಖಾನೆಯ ಬಾಗಿಲಿಗೆ ಇನ್ನೂ ಬಂದಿಲ್ಲ. ಪುಣೆ ಜಿಲ್ಲೆಯ ಆರೋಗ್ಯ ಉಪಕೇಂದ್ರಕ್ಕೆ ಹೋದರೆ ಅಲ್ಲಿ ಕುಳಿತವರು ಸಮುದಾಯ ಆರೋಗ್ಯ ಅಧಿಕಾರಿ, ಎಲ್ಲರ ಬಾಯಲ್ಲಿ ‘ಸಿಎಚ್‌ಒ’. ಊರವರಿಗೆ ಅವರು ‘ಮ್ಯಾಡಮ್’, ಕೆಲವೊಮ್ಮೆ ‘ಡಾಕ್ಟರ್ ಮ್ಯಾಡಮ್’. ಈ ಕೊನೆಯ ಹೆಸರನ್ನು ತಿದ್ದಲು ಹೋದವರು ಎರಡು ದಿನಕ್ಕೇ ಸುಮ್ಮನಾಗುತ್ತಾರೆ.

ಹೆಸರು ಏನೇ ಇರಲಿ, ಅವರು ಮಾಡುವ ಕೆಲಸದ ತಿರುಳು ಒಂದು ವಿಂಗಡಣೆ. ಬಂದವರಲ್ಲಿ ಯಾರನ್ನು ಧೈರ್ಯ ಹೇಳಿ ಮನೆಗೆ ಕಳಿಸಬಹುದು, ಯಾರಿಗೆ ಇಲ್ಲೇ ಮಾತ್ರೆ ಕೊಡಬಹುದು, ಯಾರನ್ನು ಈಗಿಂದೀಗ ಮುಂದಿನ ಆಸ್ಪತ್ರೆಗೆ ಸಾಗಿಸಬೇಕು? ಮನೆಗೆ, ಮಾತ್ರೆಗೆ, ಮುಂದಕ್ಕೆ ಎಂಬ ಈ ಮೂರು ದಾರಿಗಳ ಕೂಡುರಸ್ತೆಯಲ್ಲಿ ನಿಂತವರಿಗೆ ಸಿರಿಂಜು ಹಿಡಿಯುವ ಕೈಚಳಕಕ್ಕಿಂತ ನೋಡುವ ಕಣ್ಣು ಮುಖ್ಯ. ಭಾರತದ ಕಾನೂನು ನರ್ಸಿನ ಕೈಯನ್ನು ಮೊದಲಿನಿಂದಲೂ ಒಪ್ಪಿಕೊಂಡಿದೆ. ಅವರ ತೀರ್ಮಾನವನ್ನು ಒಪ್ಪಿಕೊಳ್ಳಲು ಈಗಲೂ ತಡವರಿಸುತ್ತಿದೆ. ಆ ತಡವರಿಕೆಯ ಚರಿತ್ರೆಯನ್ನು ಪುಣೆಯಷ್ಟು ಚೆನ್ನಾಗಿ ತೋರಿಸುವ ಊರುಗಳು ಕಡಿಮೆ.

ಹುಟ್ಟು

1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಸಾರ್ವಜನಿಕ ಆರೋಗ್ಯ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿಯನ್ನು ಆರಂಭಿಸಿದರು. ವೈದ್ಯರು ಕಾಲಿಡದ ಹಳ್ಳಿಗಳಲ್ಲಿ ಮಕ್ಕಳನ್ನು ನೋಡುವವರು ಬೇಕಾಗಿದ್ದರು. ಆ ಕೆಲಸವನ್ನು ನರ್ಸ್‌ಗಳು ಹೇಗೂ ಮಾಡುತ್ತಲೇ ಇದ್ದರು. ಅದಕ್ಕೊಂದು ಶಾಸ್ತ್ರ ಒದಗಿಸಿದ್ದು ಇವರ ಹೆಚ್ಚುಗಾರಿಕೆ. ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಬಾರ್ಬರಾ ಸ್ಟಿಲ್‌ವೆಲ್ ಇದೇ ದಾರಿ ಹಿಡಿದರು. 2006ರ ಹೊತ್ತಿಗೆ ಅಲ್ಲಿ ತರಬೇತಾದ ನರ್ಸ್‌ಗಳು ಬಹುತೇಕ ಎಲ್ಲ ಔಷಧಿಗಳನ್ನೂ ಸ್ವತಂತ್ರವಾಗಿ ಬರೆಯಬಹುದಾಯಿತು.

ಇದೆಲ್ಲ ಸುರಕ್ಷಿತವೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೂ ಜೊತೆಗೇ ನಡೆಯಿತು. ಕೆನಡಾದ ಬರ್ಲಿಂಗ್ಟನ್ ಎಂಬಲ್ಲಿ ನಡೆದು 1974ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನರ್ಸ್‌ಗಳು ತಮ್ಮ ಬಳಿ ಬಂದ ಮೂರು ಭೇಟಿಗಳಲ್ಲಿ ಸುಮಾರು ಎರಡನ್ನು ವೈದ್ಯರನ್ನು ಕೇಳದೆಯೇ ನಿಭಾಯಿಸಿದರು. ರೋಗಿಗಳ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. 2018ರ ಕಾಕ್ರೇನ್ ಪರಾಮರ್ಶೆ ಇಂಥ 18 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ ಹೆಚ್ಚುಕಡಿಮೆ ಅದೇ ಮಾತನ್ನು ಹೇಳಿತು. ನರ್ಸ್‌ಗಳು ಪ್ರತಿ ರೋಗಿಗೆ ಹೆಚ್ಚು ಹೊತ್ತು ಕೊಡುತ್ತಾರೆ, ರೋಗಿಗಳಿಗೆ ಅದು ಹಿಡಿಸುತ್ತದೆ ಎಂಬುದೂ ಅದರಲ್ಲಿತ್ತು. ಆದರೆ ಆ ಪ್ರಯೋಗಗಳ ಬಹುಪಾಲು ಶ್ರೀಮಂತ ದೇಶಗಳದ್ದು. ಅಲ್ಲಿ ನರ್ಸಿನ ಪಕ್ಕದ ಕೋಣೆಯಲ್ಲೇ ವೈದ್ಯರಿರುತ್ತಾರೆ. ಸಹ್ಯಾದ್ರಿಯ ಮಗ್ಗುಲಿನ ಉಪಕೇಂದ್ರದಲ್ಲಿ ಪಕ್ಕದ ಕೋಣೆಯಲ್ಲಿರುವುದು ಲಸಿಕೆಯ ಪೆಟ್ಟಿಗೆ.

ಪುಣೆಯ ಹಿನ್ನೆಲೆ

1882ರಲ್ಲಿ ಹಂಟರ್ ಶಿಕ್ಷಣ ಆಯೋಗ ಪುಣೆಗೆ ಬಂದಾಗ ಪಂಡಿತಾ ರಮಾಬಾಯಿ ಅದರ ಮುಂದೆ ಸಾಕ್ಷ್ಯ ನುಡಿದರು. ಈಕೆ ಹುಟ್ಟಿದ್ದು ಇಂದಿನ ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ. ಹೆಂಗಸರಿಗೆ ಹೆಂಗಸರೇ ವೈದ್ಯರಾಗಿ ಬೇಕು, ಅವರಿಲ್ಲದ್ದರಿಂದ ಸಾವಿರಾರು ಮಂದಿ ಅಕಾಲದಲ್ಲಿ ಸಾಯುತ್ತಿದ್ದಾರೆ ಎಂಬುದು ಅವರ ವಾದವಾಗಿತ್ತು. ಆನಂದಿಬಾಯಿ ಜೋಶಿ 1886ರಲ್ಲಿ ಫಿಲಡೆಲ್ಫಿಯಾದಲ್ಲಿ ವೈದ್ಯಪದವಿ ಪಡೆದರು. ಒಂದು ದಿನವೂ ಸರಿಯಾಗಿ ವೃತ್ತಿ ನಡೆಸಲಾಗದೆ ಮರುವರ್ಷ ಫೆಬ್ರುವರಿಯಲ್ಲಿ ಪುಣೆಯಲ್ಲಿ ಕ್ಷಯದಿಂದ ತೀರಿಕೊಂಡರು.

ಅದಾಗಿ ಹತ್ತು ವರ್ಷಕ್ಕೆ ರೋಗಿಯ ಮೈಯನ್ನು ಯಾರು ಮುಟ್ಟಬೇಕು ಎಂಬ ಪ್ರಶ್ನೆ ಬೀದಿಗೆ ಬಂತು. 1897ರ ಪ್ಲೇಗಿನಲ್ಲಿ ವಾಲ್ಟರ್ ರ‍್ಯಾಂಡ್ ನೇತೃತ್ವದ ಸಮಿತಿ ಗೋರಾ ಸೈನಿಕರನ್ನು ಮನೆಮನೆಗೆ ನುಗ್ಗಿಸಿತು. ಗಡ್ಡೆ ಎದ್ದಿದೆಯೇ ಎಂದು ನೋಡುವ ನೆಪದಲ್ಲಿ ಹೆಂಗಸರ ಮಾನಕ್ಕೆ ಕೈಹಾಕುತ್ತಾರೆ ಎಂಬ ಆಕ್ರೋಶ ಊರನ್ನೇ ಕುದಿಸಿತು. ಜೂನ್ 22ರ ರಾತ್ರಿ ಚಾಪೇಕರ್ ಸೋದರರು ರ‍್ಯಾಂಡ್‌ನನ್ನು ಗುಂಡಿಟ್ಟು ಉರುಳಿಸಿದರು; ಜುಲೈ 3ರಂದು ಆತ ಸತ್ತ. ಇತಿಹಾಸದ ಪಾಠಗಳಲ್ಲಿ ಈ ಪ್ರಸಂಗ ಸ್ವಾತಂತ್ರ್ಯ ಹೋರಾಟದ ಅಧ್ಯಾಯದಲ್ಲಿ ಬರುತ್ತದೆ. ತಪಾಸಣೆಯ ಚರಿತ್ರೆಯಲ್ಲೂ ಅದಕ್ಕೊಂದು ಜಾಗವಿದೆ: ರೋಗ ಪತ್ತೆಯ ವಿಧಾನ ಸರಿಯಿದ್ದರೂ ಮುಟ್ಟುವ ಕೈ ತಪ್ಪಾದರೆ ರೋಗಿ ರೋಗವನ್ನೇ ಬಚ್ಚಿಡುತ್ತಾನೆ. ಅದೇ ಪ್ಲೇಗಿನಲ್ಲಿ ಹಡಪ್ಸರದ ಸಸಾಣೆ ಮಳಾದಲ್ಲಿ ದತ್ತುಮಗ ಡಾ. ಯಶವಂತ ತೆರೆದಿದ್ದ ಚಿಕಿತ್ಸಾಲಯಕ್ಕೆ ರೋಗಿಗಳನ್ನು ತಂದು ಆರೈಕೆ ಮಾಡುತ್ತಿದ್ದ ಸಾವಿತ್ರಿಬಾಯಿ ಫುಲೆ, ಮುಂಢ್ವಾದ ಒಬ್ಬ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದು ತಾವೇ ಸೋಂಕು ತಗುಲಿಸಿಕೊಂಡು ಮಾರ್ಚ್ 10ರಂದು ತೀರಿಕೊಂಡರು. ಅವರು ನರ್ಸಿಂಗ್ ಓದಿದವರಲ್ಲ. ಆದರೆ ಜನ ಯಾರನ್ನು ಬಾಗಿಲೊಳಗೆ ಬಿಟ್ಟುಕೊಳ್ಳುತ್ತಾರೆ ಎಂಬುದಕ್ಕೆ ಉತ್ತರ ಅವರಲ್ಲಿತ್ತು.

1909ರಲ್ಲಿ ರಮಾಬಾಯಿ ರಾನಡೆ ಪುಣೆಯಲ್ಲಿ ಸೇವಾಸದನವನ್ನು ಕಟ್ಟಿದರು. ಅಲ್ಲಿಂದ ವಿಧವೆಯರನ್ನು, ಅದರಲ್ಲೂ ಮೇಲ್ಜಾತಿಯ ಎಳೆಯ ವಿಧವೆಯರನ್ನು, ಸಸೂನ್ ಆಸ್ಪತ್ರೆಗೆ ನರ್ಸಿಂಗ್ ಕಲಿಯಲು ಕಳಿಸಿದ್ದು ಆ ಕಾಲಕ್ಕೆ ದೊಡ್ಡ ಎದೆಗಾರಿಕೆ. ಮೈಲಿಗೆಯ ಕೆಲಸ ಎಂದು ಮೂಗು ಮುರಿಯುತ್ತಿದ್ದ ಮನೆಗಳಿಂದಲೇ ನರ್ಸ್‌ಗಳು ಬಂದರು.

ಇನ್ನೊಂದು ಎಳೆ ವೈದ್ಯರ ಕಡೆಯದು. ಸಸೂನ್ ಆವರಣದ ಬಿ.ಜೆ. ವೈದ್ಯಕೀಯ ಶಾಲೆ 1878ರಿಂದ ಪದವಿಗಿಂತ ಕಡಿಮೆ ಅವಧಿಯ ಲೈಸೆನ್ಷಿಯೇಟ್ ವೈದ್ಯರನ್ನು ತಯಾರಿಸುತ್ತಿತ್ತು. ಸಣ್ಣ ಊರುಗಳಿಗೆ ಹೋಗಿ ನಿಲ್ಲುತ್ತಿದ್ದವರು ಇವರೇ. 1946ರಲ್ಲಿ ಶಾಲೆ ಕಾಲೇಜಾಯಿತು. ಅದೇ ವರ್ಷ ದೇಶದ ಆರೋಗ್ಯಸೇವೆಯ ಕುರಿತ ಭೋರ್ ಸಮಿತಿಯ ವರದಿ ಬಂದು, ದೇಶಕ್ಕೆಲ್ಲ ಒಂದೇ ಮಟ್ಟದ ‘ಮೂಲ ವೈದ್ಯ’ ಸಾಕು ಎಂಬ ನಿಲುವು ಗೆದ್ದಿತು. ಸಮಿತಿಯೊಳಗೇ ಇದಕ್ಕೆ ಭಿನ್ನಮತವಿತ್ತು. ಮಧ್ಯದ ಮೆಟ್ಟಿಲು ತೆಗೆದುಹಾಕಿದ ಮೇಲೆ ಮೇಲಿನವರು ಕೆಳಗಿಳಿಯಲಿಲ್ಲ. 70 ವರ್ಷಗಳ ಬಳಿಕ ಆ ಮೆಟ್ಟಿಲನ್ನು ಮತ್ತೆ ಕಟ್ಟಲು ಹೊರಟಾಗ ಅಲ್ಲಿ ನಿಲ್ಲಲು ಕರೆದದ್ದು ಬಹುಮಟ್ಟಿಗೆ ನರ್ಸ್‌ಗಳನ್ನು.

ನಡುವಿನ ದಶಕಗಳಲ್ಲಿ ಉಪಕೇಂದ್ರದ ಭಾರ ಹೊತ್ತವರು ಸಹಾಯಕ ನರ್ಸ್ ಸೂಲಗಿತ್ತಿಯರು, ಅಂದರೆ ಎಎನ್‌ಎಂಗಳು. 1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ಶುರುವಾದ ಅವರ ತರಬೇತಿ ಎರಡು ವರ್ಷದ್ದು; ಹೆರಿಗೆಯೇ ಅದರ ಜೀವಾಳ. 1973ರ ಕರ್ತಾರ್ ಸಿಂಗ್ ಸಮಿತಿ ಅವರನ್ನು ‘ವಿವಿಧೋದ್ದೇಶ ಕಾರ್ಯಕರ್ತೆ’ಯರನ್ನಾಗಿ ಮಾಡಲು ಹೇಳಿದ ಮೇಲೆ ತರಬೇತಿ ಒಂದೂವರೆ ವರ್ಷಕ್ಕಿಳಿಯಿತು. ಕುಟುಂಬ ಯೋಜನೆಯ ಗುರಿ, ಲಸಿಕೆಯ ಗುರಿ, ರಿಜಿಸ್ಟರುಗಳ ಮೇಲೆ ರಿಜಿಸ್ಟರು. ಹೊಟ್ಟೆ ಮುಟ್ಟಿ ಕೂಸಿನ ತಲೆ ಎತ್ತ ಇದೆ ಎಂದು ಹೇಳಬಲ್ಲವರು ಕಾಲಂ ತುಂಬುವವರಾದರು. ಉದ್ದೇಶ ಕೆಟ್ಟದ್ದಿರಲಿಲ್ಲ, ಆದರೆ ತಪಾಸಣೆಯ ಕಸುಬಿಗೆ ಇದರಷ್ಟು ಪೆಟ್ಟು ಕೊಟ್ಟದ್ದು ಬೇರೊಂದಿಲ್ಲ.

ಸರ್ಕಾರದ ಆಚೆ ಪುಣೆಯ ಸುತ್ತ ಬೇರೆಯೇ ಪ್ರಯೋಗಗಳು ನಡೆದವು. ಪುಣೆಯ ಕೆಇಎಂ ಆಸ್ಪತ್ರೆಯನ್ನು 1944ರಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಸಿದ ಡಾ. ಬಾನೂ ಕೋಯಾಜಿ 1970ರ ದಶಕದಲ್ಲಿ ಶಿರೂರು ತಾಲ್ಲೂಕಿನ ವಢು ಬುದ್ರುಕ್ ಸುತ್ತಿನ ಹಳ್ಳಿಗಳಿಗೆ ಕೆಲಸ ಒಯ್ದರು. ಊರಿನ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿದರು. 1993ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೆರೆಯ ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಜಾಮಖೇಡದಲ್ಲಿ ರಜನಿಕಾಂತ ಮತ್ತು ಮೇಬೆಲ್ ಆರೋಳೆ ದಂಪತಿ 1970ರಿಂದ ಅಕ್ಷರ ಬಾರದ, ಬಹುಪಾಲು ದಲಿತ ಹೆಂಗಸರಿಗೆ ರೋಗ ಗುರುತಿಸುವುದನ್ನು ಕಲಿಸಿದರು. ದೂರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ಅವರ ಆರೋಗ್ಯದೂತೆಯರು ಬಾಣಂತಿಯ ಮನೆಯಲ್ಲೇ ಹಸುಗೂಸಿನ ಸೋಂಕನ್ನು ಪತ್ತೆಹಚ್ಚಿ ಚಿಕಿತ್ಸೆ ಕೊಟ್ಟರು. 39 ಹಳ್ಳಿಗಳಲ್ಲಿ ನವಜಾತ ಶಿಶುಮರಣ ಸುಮಾರು ಶೇಕಡ 62ರಷ್ಟು ಇಳಿದದ್ದನ್ನು 1999ರ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಅಷ್ಟಿಷ್ಟು ಶಾಲೆ ಓದಿದವರು ಇಷ್ಟು ಮಾಡಬಲ್ಲರಾದರೆ ನಾಲ್ಕು ವರ್ಷ ನರ್ಸಿಂಗ್ ಓದಿದವರು ಏನು ಮಾಡಬಾರದು ಎಂಬ ಪ್ರಶ್ನೆಯಿಂದ ಆಮೇಲೆ ತಪ್ಪಿಸಿಕೊಳ್ಳುವುದು ಕಷ್ಟವಾಯಿತು.

ಆರೋಗ್ಯವರ್ಧಿನಿ

2017ರ ರಾಷ್ಟ್ರೀಯ ಆರೋಗ್ಯ ನೀತಿಯ ಬೆನ್ನಿಗೇ ಆಯುಷ್ಮಾನ್ ಭಾರತ ಯೋಜನೆ ಬಂತು. ಮೊದಲ ಆರೋಗ್ಯ ಮತ್ತು ಕ್ಷೇಮ ಕೇಂದ್ರ 2018ರ ಏಪ್ರಿಲ್ 14ರಂದು ಬಿಜಾಪುರದ ಜಾಂಗ್ಲಾದಲ್ಲಿ ತೆರೆಯಿತು. ಈ ಬಿಜಾಪುರ ಛತ್ತೀಸ್‌ಗಢದ್ದು, ನಮ್ಮ ವಿಜಯಪುರವಲ್ಲ. ಮಹಾರಾಷ್ಟ್ರದಲ್ಲಿ ಈ ಕೇಂದ್ರಗಳಿಗೆ ‘ಆರೋಗ್ಯವರ್ಧಿನಿ’ ಎಂದು ಹೆಸರಿಟ್ಟರು. 2023ರ ಕೊನೆಯಲ್ಲಿ ಕೇಂದ್ರ ಸರ್ಕಾರ ಎಲ್ಲವನ್ನೂ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂದು ಮರುನಾಮಕರಣ ಮಾಡಿತು. ಫಲಕಗಳಿಗೆ ಬಣ್ಣ ಬಳಿಯುವವರಿಗೆ ಈ ಯೋಜನೆಯಿಂದ ಒಳ್ಳೆಯ ಕೆಲಸ ಸಿಕ್ಕಿದೆ.

ಬಯಲುಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಲೆಕ್ಕ. 2011ರ ಜನಗಣತಿಯಲ್ಲೇ 94 ಲಕ್ಷ ದಾಟಿದ್ದ ಪುಣೆ ಜಿಲ್ಲೆಯಲ್ಲಿ ಎರಡೂ ಬಗೆಯ ನೆಲವಿದೆ. ಪೂರ್ವಕ್ಕೆ ಬಾರಾಮತಿ, ಇಂದಾಪುರ, ದೌಂಡಗಳ ಕಬ್ಬಿನ ಬಯಲು. ಪಶ್ಚಿಮಕ್ಕೆ ಮುಳಶಿ, ವೆಲ್ಹೆ, ಭೋರ್, ಆಂಬೇಗಾಂವ್‌ಗಳ ಘಟ್ಟ. ಮಳೆಗಾಲದಲ್ಲಿ ಘಟ್ಟದ ಊರಿಂದ ತಾಲ್ಲೂಕು ಆಸ್ಪತ್ರೆ ತಲುಪುವುದು ಕಿಲೋಮೀಟರಿನ ಮಾತಲ್ಲ, ರಸ್ತೆ ಉಳಿದಿದೆಯೇ ಎಂಬ ಮಾತು. 2014ರ ಜುಲೈನಲ್ಲಿ ಆಂಬೇಗಾಂವ್‌ನ ಮಾಳೀಣ್ ಗ್ರಾಮವೇ ಗುಡ್ಡ ಕುಸಿದು ಹೂತುಹೋಗಿತ್ತು.

ಆರೋಗ್ಯವರ್ಧಿನಿಯಲ್ಲಿ ಕೂರಿಸುವ ಮಧ್ಯಮ ಸ್ತರದ ಅಧಿಕಾರಿಯ, ಅಂದರೆ ಸಿಎಚ್‌ಒ, ಹುದ್ದೆಗೆ ಕೇಂದ್ರದ ಮಾರ್ಗಸೂಚಿ ನರ್ಸ್‌ಗಳ ಜೊತೆಗೆ ಆಯುರ್ವೇದ ಪದವೀಧರರಿಗೂ ಬಾಗಿಲು ತೆರೆದಿತ್ತು. ಎಲ್ಲರಿಗೂ ಆರು ತಿಂಗಳ ಸೇತುಬಂಧ ತರಬೇತಿ. ಕರ್ನಾಟಕ ನರ್ಸಿಂಗ್ ಪದವೀಧರರ ಕಡೆ ವಾಲಿತು. ಆಯುರ್ವೇದ ಕಾಲೇಜುಗಳು ಹೇರಳವಾಗಿರುವ ಮಹಾರಾಷ್ಟ್ರ ಬಿಎಎಂಎಸ್ ಪದವೀಧರರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಂಡಿತು. ಹೀಗಾಗಿ ಪುಣೆಯಲ್ಲಿ ಅಕ್ಕಪಕ್ಕದ ಎರಡು ಉಪಕೇಂದ್ರಗಳಲ್ಲಿ ಒಂದೇ ಕುರ್ಚಿಯ ಮೇಲೆ ಎರಡು ಬೇರೆ ಶಾಲೆಯವರು ಕುಳಿತಿರುವುದುಂಟು. ಒಬ್ಬರಿಗೆ ನಾಡಿ ಹಿಡಿಯುವ ಅಭ್ಯಾಸ, ಇನ್ನೊಬ್ಬರಿಗೆ ಚಾರ್ಟ್ ಬರೆಯುವ ಅಭ್ಯಾಸ. ಆಯುರ್ವೇದ ಪದವಿಯವರಲ್ಲಿ ಹಲವರಿಗೆ ಈ ಕುರ್ಚಿ ಸ್ವಂತ ದವಾಖಾನೆಗೆ ಮುಂಚಿನ ತಂಗುದಾಣ. ನರ್ಸಿಗೆ ಇದು ವಾರ್ಡಿನ ಸರದಿಪಾಳಿಯಿಂದ ಮೇಲೇರಿದ ಮೆಟ್ಟಿಲು, ಹಾಗಾಗಿ ನಿಲ್ಲುವ ಸಾಧ್ಯತೆ ಹೆಚ್ಚು ಎಂಬುದು ಈ ಲೇಖಕನ ಎಣಿಕೆ. ಸಂಬಳದ ಚೌಕಟ್ಟು ಇಬ್ಬರಿಗೂ ಒಂದೇ: ನಿಗದಿತ 25,000 ರೂಪಾಯಿ, ಕೆಲಸದ ಸೂಚ್ಯಂಕ ನೋಡಿ 15,000ದವರೆಗೆ ಪ್ರೋತ್ಸಾಹಧನ, ಹುದ್ದೆ ಗುತ್ತಿಗೆಯದು.

ತಪಾಸಣೆ

ಬಾಗಿಲು ದಾಟಿ ಬರುವ ಹೊತ್ತಿಗೇ ತಪಾಸಣೆ ಶುರುವಾಗಿರುತ್ತದೆ. ನಡೆದು ಬಂದರೋ, ಹೊತ್ತು ತಂದರೋ? ಬೆಂಚಿನ ಮೇಲೆ ಕೂತ ಮುದುಕ ಮುಂದಕ್ಕೆ ಬಾಗಿ ಮೊಣಕಾಲಿನ ಮೇಲೆ ಕೈಯೂರಿ ಉಸಿರಾಡುತ್ತಿದ್ದಾನೋ? ಕಂಕುಳಿನ ಕೂಸು ಅಳುತ್ತಿದೆಯೋ, ಸುಮ್ಮನೆ ಜೋತುಬಿದ್ದಿದೆಯೋ? ಅಳುವ ಕೂಸಿಗಿಂತ ಅಳದ ಕೂಸು ಅಪಾಯದ್ದು ಎಂಬುದು ಪುಸ್ತಕಕ್ಕೂ ಮೊದಲು ಅನುಭವ ಕಲಿಸುವ ಪಾಠ.

ಕೆಮ್ಮಿನ ಮಗುವನ್ನೇ ನೋಡಿ. ತಾಯಿಯ ಮಡಿಲಲ್ಲಿ ಕೂಸು ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಎದೆ–ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವಂತಿಲ್ಲ, ಏಕೆಂದರೆ ಕೂಸುಗಳ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಅಲ್ಲಿಂದ ಐದು ವರ್ಷದೊಳಗೆ 40, ಇದನ್ನು ಮುಟ್ಟಿದರೆ ಉಸಿರು ವೇಗವಾಗಿದೆ ಎಂದರ್ಥ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ ಇನ್ನೂ ಗಂಭೀರ. ಹಾಲು ಕುಡಿಯುತ್ತಿಲ್ಲ, ತಿಂದದ್ದೆಲ್ಲ ಕಕ್ಕುತ್ತಿದೆ, ಫಿಟ್ಸ್ ಬಂದಿತ್ತು, ಎಬ್ಬಿಸಿದರೂ ಎಚ್ಚರವಿಲ್ಲ: ಈ ನಾಲ್ಕರಲ್ಲಿ ಒಂದಿದ್ದರೂ ವಿಂಗಡಣೆಯ ಚಾರ್ಟಿನಲ್ಲಿ ಗುಲಾಬಿ ಬಣ್ಣ, ಅಂದರೆ ಮೊದಲ ಡೋಸ್ ಕೊಟ್ಟು ಆಂಬುಲೆನ್ಸಿಗೆ ಫೋನ್. ಹಳದಿಗೆ ಇಲ್ಲೇ ಔಷಧಿ, ಹಸಿರಿಗೆ ಮನೆಯಲ್ಲೇ ಆರೈಕೆ. ಮೂರು ಬಣ್ಣಗಳ ಈ ಚಾರ್ಟು ನೋಡಲು ಬಾಲವಾಡಿಯ ಗೋಡೆಪಟದಂತಿದೆ. ನಡುರಾತ್ರಿ ಒಬ್ಬರೇ ಇರುವಾಗ ತಲೆ ನೆಟ್ಟಗಿಡುವುದು ಇಂಥ ಸರಳ ವಸ್ತುವೇ.

ದೊಡ್ಡವರ ವಿಷಯದಲ್ಲಿ ದಿನದ ಬಹುಪಾಲು ಬಿಪಿ, ಶುಗರ್‌ಗಳದ್ದು. 30 ದಾಟಿದ ಪ್ರತಿಯೊಬ್ಬರ ಬಗ್ಗೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಒಂದು ನಮೂನೆ ತುಂಬುತ್ತಾರೆ: ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಮನೆಯವರಿಗೆ ಕಾಯಿಲೆ. ಅಂಕ ನಾಲ್ಕು ದಾಟಿದವರನ್ನು ಮೊದಲು ಕರೆಯುತ್ತಾರೆ. ಬಿಪಿ ನೋಡುವುದು ಸುಲಭವೆಂದು ಎಲ್ಲರೂ ತಿಳಿದಿದ್ದಾರೆ, ಅದಕ್ಕೇ ಅದು ಹೆಚ್ಚಾಗಿ ತಪ್ಪುತ್ತದೆ. ಬಿಸಿಲಲ್ಲಿ ನಡೆದು ಬಂದು, ಚಹಾ ಕುಡಿದು, ಒಂದು ಕಾಲು ಮಡಚಿ ಕೂತ ಅಜ್ಜಿಯ ರವಿಕೆಯ ತೋಳಿನ ಮೇಲೆಯೇ ಪಟ್ಟಿ ಸುತ್ತಿದರೆ ಬರುವ ಅಂಕಿಗೆ ಅರ್ಥವಿಲ್ಲ. ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ತಂದು ನೋಡಬೇಕು. 140/90 ದಾಟಿದರೆ ಇನ್ನೊಮ್ಮೆ, ಇನ್ನೊಂದು ದಿನ. ಮೊದಲ ಮಾತ್ರೆ ಬರೆಯುವುದು ವೈದ್ಯಾಧಿಕಾರಿ. ತಿಂಗಳು ತಿಂಗಳು ಕೊಟ್ಟು, ಬಿಟ್ಟವರನ್ನು ಮನೆಯಿಂದ ಎಳೆತಂದು, ಹತೋಟಿಗೆ ಬಂತೇ ನೋಡುವುದು ಉಪಕೇಂದ್ರದವರು. 2017ರ ಕೊನೆಯಲ್ಲಿ ಶುರುವಾದ ರಕ್ತದೊತ್ತಡ ನಿಯಂತ್ರಣ ಯೋಜನೆ ಪಕ್ಕದ ಸಾತಾರಾ ಸೇರಿದಂತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಲ್ಲಿ ಮೊದಲು ಜಾರಿಯಾದಾಗ ಇದನ್ನೇ ನೆಚ್ಚಿತ್ತು: ಒಂದೇ ಪ್ರೋಟೊಕಾಲ್, ಕೆಲವೇ ಔಷಧಿ, ನರ್ಸಿನ ಕೈಯಲ್ಲಿ ರೋಗಿಯ ಕಾರ್ಡು.

ಬಾಯಿ ತೆರೆಸಿ ನೋಡುವುದು ಈ ಸೀಮೆಯಲ್ಲಿ ಕಡ್ಡಾಯವೆಂಬಷ್ಟು ಮುಖ್ಯ. ಗಂಡಸರಿಗೆ ಗುಟ್ಕಾ, ಸುಣ್ಣ–ತಂಬಾಕು. ಹೆಂಗಸರಿಗೆ ಮಿಶ್ರಿ, ಅಂದರೆ ಸುಟ್ಟು ಕರಿಕು ಮಾಡಿದ ತಂಬಾಕಿನ ಪುಡಿ. ಹಲ್ಲುಜ್ಜುವುದೆಂದು ಶುರುವಾಗಿ ದಿನಕ್ಕೆ ನಾಲ್ಕೈದು ಸಲಕ್ಕೆ ಬಂದು ನಿಲ್ಲುತ್ತದೆ. ‘ತಂಬಾಕು ಹಾಕುತ್ತೀರಾ’ ಎಂದರೆ ‘ಇಲ್ಲ’ ಎನ್ನುವ ಹೆಂಗಸು ‘ಮಿಶ್ರಿ ಲಾವತಾ ಕಾ’ ಎಂದರೆ ನಕ್ಕು ‘ಹೋ’ ಎನ್ನುತ್ತಾಳೆ. ಟಾರ್ಚ್ ಬೆಳಕಿನಲ್ಲಿ ಕೆನ್ನೆಯ ಒಳಬದಿ, ನಾಲಿಗೆಯ ಅಡಿ ನೋಡಿ, ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು, ಮೂರು ಬೆರಳು ಹಿಡಿಸದಷ್ಟು ಕುಗ್ಗಿದ ಬಾಯಿ ಕಂಡರೆ ಮುಂದಕ್ಕೆ ಕಳಿಸಬೇಕು. ಗರ್ಭಕಂಠದ ಕ್ಯಾನ್ಸರಿಗೆ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು ಬೆಳ್ಳಗಾಗುತ್ತದೆಯೇ ನೋಡುವ ಪರೀಕ್ಷೆಯನ್ನು ನರ್ಸ್‌ಗಳಿಗೂ ಕಲಿಸುತ್ತಾರೆ. ಪರೀಕ್ಷೆ ಸುಲಭ, ಒಪ್ಪಿಸುವುದು ಕಷ್ಟ. ಗಡಚಿರೋಲಿಯ ಎರಡು ಹಳ್ಳಿಗಳ ಅಧ್ಯಯನದಲ್ಲಿ ಶೇಕಡ 92ರಷ್ಟು ಹೆಂಗಸರಿಗೆ ಒಂದಲ್ಲ ಒಂದು ಸ್ತ್ರೀರೋಗ ಇದ್ದದ್ದನ್ನು ರಾಣಿ ಬಂಗ್ ಮತ್ತು ಸಂಗಡಿಗರು 1989ರಲ್ಲಿ ವರದಿ ಮಾಡಿದ್ದರು. ಆ ಹೆಂಗಸರಲ್ಲಿ ಹೆಚ್ಚಿನವರು ಅದಕ್ಕಾಗಿ ಯಾವ ವೈದ್ಯರ ಬಳಿಯೂ ಹೋಗಿರಲಿಲ್ಲ. 1882ರಲ್ಲಿ ಪಂಡಿತಾ ರಮಾಬಾಯಿ ಹೇಳಿದ್ದು ಇನ್ನೂ ಹಳತಾಗಿರಲಿಲ್ಲ.

ಕಬ್ಬಿನ ಗದ್ದೆಗಳ ಜುನ್ನರ, ಶಿರೂರುಗಳಲ್ಲಿ ಹಾವಿನ ಕಡಿತ ಇನ್ನೊಂದು ಪರೀಕ್ಷೆ. ಘೋಣಸ್, ಅಂದರೆ ನಮ್ಮ ಕೊಳಕುಮಂಡಲ, ಕಚ್ಚಿದರೆ ಬಾವು–ನೋವು ಎದ್ದು ಕಾಣುತ್ತದೆ. ಒಣಗಿದ ಗಾಜಿನ ನಳಿಗೆಯಲ್ಲಿ ಎರಡು ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಬಿಟ್ಟು ಓರೆ ಮಾಡಿದಾಗ ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ. ಮೋಸ ಮಾಡುವುದು ಮಣ್ಯಾರ್, ಕಟ್ಟುಹಾವು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಗುರುತೂ ಸರಿಯಾಗಿ ಕಾಣದು. ಬೆಳಗಿನ ಜಾವ ಹೊಟ್ಟೆನೋವು ಎಂದು ಬರುತ್ತಾರೆ. ಆಗ ಅಸಿಡಿಟಿ ಮಾತ್ರೆ ಕೊಟ್ಟು ಕಳಿಸಿದರೆ ಮುಗಿಯಿತು. ‘ನೆಲದ ಮೇಲೆ ಮಲಗಿದ್ದೆಯಾ’ ಎಂದು ಕೇಳಿ, ಕಣ್ಣುರೆಪ್ಪೆ ಜೋಲುತ್ತಿದೆಯೇ ನೋಡಿದವರು ಒಂದು ಜೀವ ಉಳಿಸಿರುತ್ತಾರೆ. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಇಲ್ಲಿ ಸರಿಯಾಗಿಯೇ ಬರುತ್ತದೆ. ಯಾವ ಪರೀಕ್ಷೆಯನ್ನು ಯಾವಾಗ ನಂಬಬಾರದು ಎಂಬ ತಿಳಿವಳಿಕೆ ಅದಕ್ಕೇ ಬೇಕಾಗುತ್ತದೆ.

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ, ಕಿರ್ಕಟವಾಡಿ, ಧಾಯರಿ, ನಾಂದೇಡ್ ಗಾಂವ್ ಸುತ್ತ ಕೈಕಾಲಿನ ಬಲ ಕುಂದಿಸುವ ಗಿಯಾನ್–ಬಾರೆ ಎಂಬ ನರರೋಗ ಕಾಣಿಸಿಕೊಂಡಾಗ ತಪಾಸಣೆಯ ಬೆಲೆ ನಗರಕ್ಕೂ ಅರಿವಾಯಿತು. ಶಂಕಿತ ಮತ್ತು ಖಚಿತ ಪ್ರಕರಣಗಳು 200 ದಾಟಿದವು. ಕೆಟ್ಟ ನೀರಿನ ಮೂಲಕ ಬರುವ ಕ್ಯಾಂಪಿಲೊಬ್ಯಾಕ್ಟರ್ ಸೋಂಕಿನ ಸುಳಿವು ಸಿಕ್ಕಿತು. ರೋಗದ ಸುದ್ದಿಯಲ್ಲಿ ವೆಂಟಿಲೇಟರು, ದುಬಾರಿ ಇಂಜೆಕ್ಷನ್ನುಗಳೇ ತುಂಬಿದ್ದವು. ಆದರೆ ಮನೆಮನೆ ಸಮೀಕ್ಷೆಗೆ ಹೋದವರ ಕೈಯಲ್ಲಿದ್ದದ್ದು ಬರೀ ಪ್ರಶ್ನೆಗಳು: ಹಿಂದಿನ ವಾರ ಭೇದಿಯಾಗಿತ್ತೇ? ಪಾದದಲ್ಲಿ ಜೋಮು ಹಿಡಿದು ಮೇಲೇರುತ್ತಿದೆಯೇ? ಕೂತಲ್ಲಿಂದ ಕೈಯೂರದೆ ಏಳಲು ಆಗುತ್ತದೆಯೇ? ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲರು ಎಂದು ನೋಡಿದರೆ ಉಸಿರಾಟದ ಸ್ನಾಯುಗಳ ಸ್ಥಿತಿ ತಕ್ಕಮಟ್ಟಿಗೆ ತಿಳಿಯುತ್ತದೆ. ಅದಕ್ಕೆ ಯಂತ್ರ ಬೇಕಿಲ್ಲ.

ಕನ್ನಡದ ರೋಗಿ, ಮರಾಠಿಯ ಕೇಂದ್ರ

ಹಿಂಜೆವಾಡಿ, ವಾಘೋಲಿ, ಮೋಶಿಗಳ ಕಟ್ಟಡ ಕೆಲಸದ ತಗಡಿನ ಶೆಡ್ಡುಗಳಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯ ಕುಟುಂಬಗಳು ಬಹಳ. ಗಂಡಸರು ಕೆಲಸದಲ್ಲಿ ಮರಾಠಿ–ಹಿಂದಿ ಕಲಿಯುತ್ತಾರೆ. ದವಾಖಾನೆಗೆ ಕೂಸು ಕಟ್ಟಿಕೊಂಡು ಬರುವ ಹೆಂಗಸಿಗೆ ಬರುವುದು ಊರ ಮಾತೇ.

ಗಡಿಯ ಎರಡೂ ಕಡೆ ‘ಪಿತ್ತ’ ಎಂಬ ಒಂದೇ ಶಬ್ದವಿದೆ. ‘ರಾತ್ರಿಯಿಂದ ಪಿತ್ತ ಆಗೈತ್ರಿ, ಎದಿ ಭಾರ ಅನಸ್ತೈತಿ’ ಎಂದು ಗಾರೆ ಕೆಲಸದವನೊಬ್ಬ ಹೇಳಿದಾಗ ಮರಾಠಿಯ ನರ್ಸಿಗೆ ‘ಪಿತ್ತ’ ಮಾತ್ರ ಕಿವಿಗೆ ಬೀಳುತ್ತದೆ, ‘ಎದಿ ಭಾರ’ ಜಾರಿಹೋಗುತ್ತದೆ. ಮಾತ್ರೆಗೂ ಆಂಬುಲೆನ್ಸಿಗೂ ಇರುವ ಅಂತರ ಆ ಎರಡು ಪದಗಳಲ್ಲಿದೆ. ಕೆಲವೊಮ್ಮೆ ಭಾಷೆಗಳೇ ಕೈಹಿಡಿಯುತ್ತವೆ: ಜೋಮಿಗೆ ಮರಾಠಿಯವರು ‘ಮುಂಗ್ಯಾ ಯೇತಾತ್’, ಇರುವೆ ಬರುತ್ತವೆ, ಎನ್ನುತ್ತಾರೆ; ನಮ್ಮವರೂ ‘ಇರುವಿ ಹರದಂಗ ಆಕ್ಕೈತಿ’ ಎನ್ನುತ್ತಾರೆ. ಬಿಳಿಸೆರಗಿಗೆ ಅವರದು ‘ಪಾಂಢರೆ ಪಾಣಿ’, ಬಿಳಿ ನೀರು. ಸೊಲ್ಲಾಪುರದ ಅಕ್ಕಲಕೋಟೆ, ಸಾಂಗಲಿಯ ಜತ್ತ ತಾಲ್ಲೂಕುಗಳಿಂದ ಬಂದ, ಎರಡೂ ಭಾಷೆ ಬಲ್ಲ ನರ್ಸ್‌ಗಳು ಇಂಥ ಕಡೆ ಬಂಗಾರ. ಹುದ್ದೆಯ ಜಾಹೀರಾತಿನಲ್ಲಿ ಮರಾಠಿ ಬಲ್ಲವರು ಬೇಕು ಎಂದಿರುತ್ತದೆ. ಅದರಾಚೆಗಿನ ಭಾಷೆಗೆ ಅಂಕವಿಲ್ಲ. ಅಂಥವರಿಲ್ಲದ ಕಡೆ ಶಾಲೆಗೆ ಹೋಗುವ ಹತ್ತು ವರ್ಷದ ಮಗಳು ತಾಯಿಯ ಮುಟ್ಟಿನ ತೊಂದರೆಯನ್ನು ಅನುವಾದಿಸಬೇಕಾಗುತ್ತದೆ. ಆ ತಾಯಿ ಹೇಳಬೇಕಾದ್ದರಲ್ಲಿ ಅರ್ಧ ಹೇಳುವುದಿಲ್ಲ.

ಕಾನೂನು

ಉಪಕೇಂದ್ರದ ನರ್ಸ್ ಔಷಧಿ ಕೊಡುವುದಕ್ಕೆ 1945ರ ಔಷಧ ನಿಯಮಗಳ ಕೆ ಅನುಸೂಚಿಯಲ್ಲಿ ವಿನಾಯಿತಿ ಇದೆ. ಅದು ಮಳಿಗೆಯ ಪರವಾನಗಿಯಿಂದ ವಿನಾಯಿತಿ. ರೋಗ ನಿರ್ಣಯಿಸುವ ಹಕ್ಕು ಅದರಲ್ಲಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು ‘ಸಮುದಾಯ ಆರೋಗ್ಯ ಸೇವಾದಾರ’ರಿಗೆ ಸೀಮಿತ ಪರವಾನಗಿ ಕೊಡಬಹುದೆಂದಿತು. ಅವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದು ಪಾಲನ್ನು ಮೀರಬಾರದು. ಪ್ರಾಥಮಿಕ ಮತ್ತು ಮುಂಜಾಗ್ರತಾ ಚಿಕಿತ್ಸೆಯಲ್ಲಿ ಮಾತ್ರ ಗೊತ್ತುಪಡಿಸಿದ ಔಷಧಿಗಳನ್ನು ಸ್ವತಂತ್ರವಾಗಿ ಬರೆಯಬಹುದು. ಭಾರತೀಯ ವೈದ್ಯಕೀಯ ಸಂಘ ಇದನ್ನು ನಕಲಿ ವೈದ್ಯರಿಗೆ ಕೊಟ್ಟ ಪರವಾನಗಿ ಎಂದು ಕರೆದು ಅದೇ ವರ್ಷ ಜುಲೈ 31ರಂದು ದೇಶದಾದ್ಯಂತ ಮುಷ್ಕರ ಹೂಡಿತು. ನರ್ಸಿಗೂ ನಕಲಿಗೂ ವ್ಯತ್ಯಾಸ ಕಾಣದ ಈ ವಾದ ಒಪ್ಪುವಂಥದ್ದಲ್ಲ. ಹಾಗೆಂದು ಆತಂಕವೆಲ್ಲ ಸುಳ್ಳೂ ಅಲ್ಲ. ಛತ್ತೀಸ್‌ಗಢದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಅಧ್ಯಯನದಲ್ಲಿ ಮೂರು ವರ್ಷ ವೈದ್ಯಕೀಯ ತರಬೇತಿ ಪಡೆದವರು ಎಂಬಿಬಿಎಸ್ ವೈದ್ಯರಿಗೆ ಸರಿಸಮ ನಿಂತರು. ಅಂಥ ತರಬೇತಿಯಿಲ್ಲದೆ ವೈದ್ಯರ ಗೈರಿನಲ್ಲಿ ರೋಗಿ ನೋಡುತ್ತಿದ್ದ ಅರೆವೈದ್ಯಕೀಯ ಸಿಬ್ಬಂದಿ ಬಹಳ ಹಿಂದೆ ಬಿದ್ದರು. ಆರು ತಿಂಗಳ ಸೇತುಬಂಧ ಇವೆರಡರಲ್ಲಿ ಯಾವುದಕ್ಕೆ ಹತ್ತಿರ ಎಂಬುದೇ ನಿಜವಾದ ಜಗಳವಾಗಬೇಕಿತ್ತು.

ಇದೇ ಬಗೆಯ ಅಸ್ಸಾಮಿನ ಗ್ರಾಮೀಣ ಆರೋಗ್ಯ ವೃತ್ತಿಗರ ಕಾಯ್ದೆಯನ್ನು ಹೈಕೋರ್ಟ್ ರದ್ದು ಮಾಡಿದ್ದನ್ನು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಆಯೋಗದ ಹೊಸ ಕಾಯ್ದೆ ಬಂತು. ನರ್ಸ್ ಪ್ರಾಕ್ಟೀಷನರ್ ಎಂಬ ಹೆಸರು ಭಾರತದಲ್ಲಿ ಮೊದಲು ಗಟ್ಟಿಯಾಗಿ ಕಾಣಿಸಿಕೊಂಡದ್ದು ತೀವ್ರನಿಗಾ ಘಟಕದ ಸ್ನಾತಕೋತ್ತರ ಶಿಕ್ಷಣದಲ್ಲಿ, ಆಮೇಲೆ 2018ರ ಮಾರ್ಗಸೂಚಿಯ ಪ್ರಕಾರ 18 ತಿಂಗಳ ಪ್ರಸೂತಿ ತರಬೇತಿಯಲ್ಲಿ. ವೈದ್ಯರು ಸದಾ ಹತ್ತಿರವಿರುವ ಐಸಿಯುವಿಗೆ ಮೊದಲು ಬಂದ ಬಿರುದು, ವೈದ್ಯರೇ ಇಲ್ಲದ ಉಪಕೇಂದ್ರಕ್ಕೆ ಕೊನೆಗೆ ಬರುವಂತಿದೆ.

ಸದ್ಯಕ್ಕೆ ಈ ಕೊರತೆಯನ್ನು ತುಂಬುತ್ತಿರುವುದು ಟೆಲಿಮೆಡಿಸಿನ್. 2019ರ ಕೊನೆಯಲ್ಲಿ ಬಂದ ಇ–ಸಂಜೀವನಿಯಲ್ಲಿ ನರ್ಸ್ ರೋಗಿಯನ್ನು ಪಕ್ಕ ಕೂರಿಸಿಕೊಂಡು ದೂರದ ವೈದ್ಯರೊಡನೆ ಮಾತಾಡುತ್ತಾರೆ. ತೆರೆಯ ಆಚೆಗಿನ ವೈದ್ಯರಿಗೆ ಹೊಟ್ಟೆ ಮುಟ್ಟಲಾಗದು, ಉಸಿರು ಕೇಳಲಾಗದು. ಅವರ ಚೀಟಿಯಲ್ಲಿ ಬರುವ ಔಷಧಿ ಬಹುಪಾಲು ನರ್ಸ್ ಕಂಡದ್ದರ, ಕೇಳಿದ್ದರ, ವಿವರಿಸಿದ್ದರ ಮೇಲೆ ನಿಂತಿರುತ್ತದೆ. ಸಹಿ ಮಾತ್ರ ಅವರದು.

ಮುಂದಕ್ಕೆ ಕಳಿಸಿದ ರೋಗಿಯ ಚೀಟಿಗೆ ಒಂದು ಅಡಿಭಾಗವಿದೆ. ಆಸ್ಪತ್ರೆಯವರು ಏನು ಕಂಡರು, ಏನು ಕೊಟ್ಟರು ಎಂದು ತುಂಬಿ ವಾಪಸು ಕಳಿಸಬೇಕಾದ ಭಾಗ ಅದು. ಅದು ಹಿಂದಿರುಗಿ ಬರುವುದು ಅಪರೂಪ. ತನ್ನ ಅಂದಾಜು ಸರಿಯಿತ್ತೇ, ತಪ್ಪಿತ್ತೇ ಎಂದು ತಿಳಿಯಲು ನರ್ಸಿಗೆ ಬೇರೆ ದಾರಿಯಿಲ್ಲ. ಹಾಗಾಗಿ ಮಂಗಳವಾರ ಆಶಾ ಕಾರ್ಯಕರ್ತೆ ಬಂದಾಗ ಮೊದಲು ಕೇಳುವುದು ಆ ಮನೆಯ ಸುದ್ದಿ: ಆ ಕೂಸು ಹೇಗಿದೆ, ಏನಂದರಂತೆ, ಎಷ್ಟು ದಿನ ಇಟ್ಟುಕೊಂಡಿದ್ದರು?